ಎರಡನೇ ಮಹಡಿಯ ಕೌನ್ಸೆಲಿಂಗ್ ಸೆಂಟರ್: ಒಂದು ಪೊಲೀಸ್ ಮನೆಯ ಅನುಭವ

ನಮ್ಮ ಮನೆಯವರು ಮಂಡಕ್ಕಿ ತಿನ್ನುವುದು ಬಿಟ್ಟಾಗಲೇ ನನಗೆ ಗೊತ್ತಾಗಬೇಕಿತ್ತು. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವರು. ಸಂಜೆ ಡ್ಯೂಟಿ ಮುಗಿಸಿ ಬರುವಾಗ ಖಾರ ಮಂಡಕ್ಕಿ, ನಾಲ್ಕು ಮಿರ್ಚಿ ಕಟ್ಟಿಸಿಕೊಂಡು ಬರದ ದಿನವೇ ಕಡಿಮೆ. ಒಂದು ದಿನ ನಾನೇ ಒಗ್ಗರಣೆ ಹಾಕಿ ತಟ್ಟೆ ಮುಂದಿಟ್ಟೆ. ಎದ್ದು ಹೊರಗೆ ಹೋದರು. ಹೊಟ್ಟೆ ಸರಿ ಇಲ್ಲವೇನೋ ಅಂದುಕೊಂಡೆ. ಆಮೇಲೆ ಏಳು ತಿಂಗಳು ಹಾಗೆ ಏನೇನೋ ಅಂದುಕೊಳ್ಳುತ್ತಲೇ ಇದ್ದೆ.

ಆ ಏಳು ತಿಂಗಳಾದ ಮೇಲೆ ನಾವು ಹೋದ ಕೌನ್ಸೆಲಿಂಗ್ ಸೆಂಟರಿನ ರಿವ್ಯೂ ಇದು. ವಿದ್ಯಾನಗರದ ಕಡೆ ಇದೆ, ಎರಡನೇ ಮಹಡಿ. ಹೆಸರು ಹಾಕುವುದಿಲ್ಲ. ಡಿಪಾರ್ಟ್‌ಮೆಂಟಿನವರು ಇನ್ನೂ ಕೆಲವರು ಅಲ್ಲಿಗೆ ಹೋಗುತ್ತಾರೆ. ಹೆಸರು ಗೊತ್ತಾದರೆ 'ಪೊಲೀಸರ ಹುಚ್ಚಾಸ್ಪತ್ರೆ' ಅಂತ ಊರೆಲ್ಲ ಕರೆಯೋಕೆ ಒಂದು ವಾರ ಸಾಕು, ಆಮೇಲೆ ಅವರ್ಯಾರೂ ಆ ಮೆಟ್ಟಿಲು ಹತ್ತುವುದಿಲ್ಲ. ಆದರೆ ಇಂಥ ಜಾಗದಲ್ಲಿ ಏನು ನಡೆಯುತ್ತದೆ, ಎಷ್ಟು ದುಡ್ಡು, ಎಷ್ಟು ದಿನ, ಏನು ಕೇಳಿಕೊಂಡು ಹೋಗಬೇಕು ಅನ್ನುವುದು ನಮಗೆ ಮೊದಲೇ ಗೊತ್ತಿದ್ದರೆ ಏಳು ತಿಂಗಳು ಸುಮ್ನೆ ಕಳೆಯುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ತೆಗೆದುಕೊಂಡಿದ್ದೇನೆ, ಬರೆದದ್ದನ್ನು ಅವರಿಗೆ ಓದಿಸಿದ್ದೇನೆ, ಅವರು ಬೇಡ ಅಂದ ಎರಡು ಕಡೆ ಅಳಿಸಿದ್ದೇನೆ.

ಅವರು ಹೆಡ್ ಕಾನ್‌ಸ್ಟೇಬಲ್. ಹೈವೇಗೆ ಹತ್ತಿರದ ಒಂದು ಠಾಣೆ. ರಾಷ್ಟ್ರೀಯ ಹೆದ್ದಾರಿ 48 ನಿಮಗೆಲ್ಲ ಗೊತ್ತೇ ಇದೆ, ಹಿರಿಯೂರಿಂದ ಚಿತ್ರದುರ್ಗ, ದಾವಣಗೆರೆ, ಹರಿಹರ ದಾಟಿ ಹೋಗುವ ಹಳೇ ಎನ್‌ಎಚ್ 4. ಅದರ ಮೇಲೆ ನಾವೆಲ್ಲ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಹೋಗುತ್ತೇವೆ. ಅದರ ಪಕ್ಕದ ಠಾಣೆಯವರಿಗೆ ಆ ರಸ್ತೆ ಬೇರೆ ಥರ ಕಾಣುತ್ತದೆ. ರಾತ್ರಿ 112ಕ್ಕೆ ಕಾಲ್ ಬರುತ್ತದೆ, ಹೋಗುತ್ತಾರೆ, ಲಾರಿ ಕೆಳಗಿಂದ ಎಳೆಯುತ್ತಾರೆ, ಆಂಬುಲೆನ್ಸಿಗೆ ಹಾಕುತ್ತಾರೆ, ಬಾಡಿ ಶಿಫ್ಟ್ ಮಾಡುತ್ತಾರೆ, ಶವದ ಪಂಚನಾಮೆ, ಪೋಸ್ಟ್‌ಮಾರ್ಟಂ, ವಾರಸುದಾರರಿಗೆ ಒಪ್ಪಿಸುವುದು, ಸಹಿ. ಬೆಳಿಗ್ಗೆ ಬಂದು ಸ್ನಾನ ಮಾಡಿ ಉಪ್ಪಿಟ್ಟು ತಿಂದು ಮಲಗುತ್ತಾರೆ. ಎಷ್ಟು ಸಲ ಹೀಗೆ ಆಗಿದೆ ಅಂತ ಆ ಸೆಂಟರಿನ ಕೌನ್ಸೆಲಿಂಗ್ ಮೇಡಂ ಮೊದಲ ದಿನ ಕೇಳಿದಾಗ ಇವರು ಲೆಕ್ಕ ಹಾಕೋಕೆ ಹೋಗಿ ಅರವತ್ತಕ್ಕೆ ನಿಲ್ಲಿಸಿದರಂತೆ.

ಹೋದ ವರ್ಷ ಜಾತ್ರೆ ಮುಗಿಸಿಕೊಂಡು ಬರುತ್ತಿದ್ದ ಒಂದು ಕುಟುಂಬದ ಗೂಡ್ಸ್ ಗಾಡಿ ನಿಂತಿದ್ದ ಲಾರಿಗೆ ಹಿಂದಿನಿಂದ ಹೊಡೆಯಿತು. ಅವರು ತಂದಿದ್ದ ಮಂಡಕ್ಕಿ ಚೀಲ ಒಡೆದು ರಸ್ತೆಯ ಉದ್ದಕ್ಕೂ ಬಿಳಿ ಬಿಳಿ ಹರಡಿತ್ತು. ಇಷ್ಟನ್ನು ಮಾತ್ರ ಇವರು ನನಗೆ ಆ ದಿನ ಹೇಳಿದ್ದು. ಮಂಡಕ್ಕಿ ಬಿಟ್ಟಿದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆಯಲೇ ಇಲ್ಲ ನೋಡಿ.

ಆಮೇಲೆ ನಿದ್ದೆ ಹೋಯಿತು. ಎರಡು ಗಂಟೆಗೆ ಎದ್ದು ಬಾಗಿಲ ಚಿಲಕ ನೋಡುವುದು. ಮಗಳು ಸೈಕಲ್ ತೆಗೆದರೆ ಕೂಗಾಡುವುದು. ಕುಕ್ಕರ್ ಸೀಟಿ ಹೊಡೆದರೆ ಮೈಯೆಲ್ಲ ಬೆಚ್ಚುವುದು. ಹೈವೇ ತಪ್ಪಿಸಲು ಅತ್ತೆ ಊರಿಗೆ ಹತ್ತು ಕಿಲೋಮೀಟರ್ ಸುತ್ತಿ ಹೋಗುವುದು. ಮಾತು ಕಡಿಮೆಯಾಯಿತು, ಕುಡಿಯುವುದು ಜಾಸ್ತಿಯಾಯಿತು. ಅತ್ತೆ ದುಗ್ಗಮ್ಮನ ಗುಡಿಗೆ ಕರೆದುಕೊಂಡು ಹೋಗಿ ಹರಕೆ ಕಟ್ಟಿದರು, "ಸ್ಪಾಟಿನಾಗೆ ಏನೋ ದಾಟ್ಯಾನ, ಸೋಕೇತಿ" ಅಂದರು. ಅಮ್ಮನ ಮುಂದೆ ಕೂತಿದ್ದ ಅರ್ಧ ಗಂಟೆ ಇವರು ನೆಮ್ಮದಿಯಾಗಿ ಇದ್ದಿದ್ದು ನಿಜ, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಠಾಣೆಯಲ್ಲಿ ಒಬ್ಬ ಹಿರಿಯರಿಗೆ ಹೇಳಿಕೊಂಡಾಗ ಬಂದ ಉತ್ತರ, "ಖಾಕಿ ಹಾಕ್ಕಂಡು ಹಿಂಗಂದ್ರೆ ಹೆಂಗಪಾ, ಮನಸು ಗಟ್ಟಿ ಮಾಡ್ಕೊ." ಇನ್ನೊಂದು ಕ್ಲಿನಿಕ್‌ಗೆ ಹೋದೆವು, ಐದು ನಿಮಿಷ ಮಾತಾಡಿ ನಿದ್ದೆ ಮಾತ್ರೆ ಬರೆದುಕೊಟ್ಟರು. ಏನಾಯಿತು ಅಂತ ಕೇಳಲೇ ಇಲ್ಲ. ಆ ಮಾತ್ರೆ ತಿಂದು ಮಲಗಿದರೆ ಎದ್ದಾಗ ಇನ್ನೂ ಮಂಕು. ಇಂಥ ನಿದ್ದೆ ಮಾತ್ರೆಯನ್ನೇ ಇದಕ್ಕೆ ಮದ್ದು ಅಂತ ಕೊಡಬಾರದು, ರೂಢಿಯಾಗುತ್ತದೆ, ಒಳಗಿನ ವಿಷಯ ಹಾಗೇ ಉಳಿಯುತ್ತದೆ ಅಂತ ಆಮೇಲೆ ಗೊತ್ತಾಯಿತು.

ಒಂದು ರಾತ್ರಿ ಇವರು ಮಹಡಿ ಮೇಲೆ ಒಬ್ಬರೇ ಕೂತಿದ್ದರು. ಕರೆದರೆ ಉತ್ತರ ಇಲ್ಲ. ನನಗೆ ಭಯವಾಯಿತು. ಅವರ ಪಕ್ಕ ಹೋಗಿ ಕೂತು ಅಲ್ಲಿಂದಲೇ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ್ದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದರ ಹಿಂದೆ ಇರುವುದು ಬೆಂಗಳೂರಿನ ನಿಮ್ಹಾನ್ಸ್. ಫೋನ್ ಎತ್ತಿದ ಹುಡುಗಿ ಮೊದಲು ಕೇಳಿದ್ದು, ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಮಾತು ಆಡಿದ್ದಾರಾ, ಪಕ್ಕದಲ್ಲಿ ಆಯುಧ ಏನಾದರೂ ಇದೆಯಾ ಅಂತ. ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಇಲ್ಲ ಅಂದೆ. ಆಮೇಲೆ ಇವರಿಗೇ ಫೋನ್ ಕೊಟ್ಟೆ. ಇಪ್ಪತ್ತು ನಿಮಿಷ ಮಾತಾಡಿದರು. "ಇದಕ್ಕೆ ಚಿಕಿತ್ಸೆ ಇದೆ ಸರ್, ಆದರೆ ಎದುರು ಕೂತು ಮಾಡಬೇಕು" ಅಂತ ಹೇಳಿದರಂತೆ. ಮರುದಿನದಿಂದ ಊರಲ್ಲೇ ಹುಡುಕಿ ಈ ಸೆಂಟರ್ ಸಿಕ್ಕಿತು.

ಈಗ ಸೆಂಟರ್ ಬಗ್ಗೆ. ಲಿಫ್ಟ್ ಇಲ್ಲ. ಕೆಳಗೆ ಬೈಕ್ ನಿಲ್ಲಿಸಲು ಜಾಗ ಸಾಲದು. ಸೆಷನ್‌ಗೆ 900 ರೂಪಾಯಿ, ಒಂದೂವರೆ ಗಂಟೆ. ಒಟ್ಟು ಹನ್ನೊಂದು ಸೆಷನ್ ಆಯಿತು, ವಾರಕ್ಕೆ ಒಂದು. ನಮ್ಮಂಥವರಿಗೆ ಇದು ಸಣ್ಣ ದುಡ್ಡಲ್ಲ. ಪೂರ್ತಿ ಕೈಯಿಂದಲೇ ಕಟ್ಟಿದ್ದೇವೆ, ನಾನು ಬ್ಲೌಸ್ ಹೊಲಿದು ಕೂಡಿಟ್ಟ ದುಡ್ಡು ಇದಕ್ಕೆ ಹೋಯಿತು. ಗೋಡೆ ಮೇಲೆ ಮೇಡಂ ಅವರ ಕ್ಲಿನಿಕಲ್ ಸೈಕಾಲಜಿ ಎಂಫಿಲ್ ಸರ್ಟಿಫಿಕೇಟು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಹಾಕಿದ್ದಾರೆ. ನೀವು ಎಲ್ಲಿಗೇ ಹೋದರೂ ಈ ನಂಬರ್ ನೋಡಿ. ಮೂರು ವಾರದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇರುತ್ತಾರೆ, ಈ ಕೆಲಸ ಅವರ ಕೈಯಲ್ಲಿ ಆಗುವುದಲ್ಲ. ಇವರು ಮಾತ್ರೆ ಬರೆಯುವುದಿಲ್ಲ, ಅದು ಮನೋವೈದ್ಯರ ಕೆಲಸ. ಬೇಕಾದರೆ ಒಬ್ಬ ವೈದ್ಯರ ಹತ್ತಿರ ಕಳಿಸುತ್ತಾರೆ. ನಮ್ಮನ್ನೂ ಕಳಿಸಿದರು, ಆ ಡಾಕ್ಟರ್ ಕೊಟ್ಟ ಮಾತ್ರೆ ನಿದ್ದೆಯದಲ್ಲ, ಕೆಲಸ ಶುರು ಮಾಡೋಕೇ ಕೆಲವು ವಾರ ಬೇಕು ಅಂತ ಮೊದಲೇ ಹೇಳಿಕೊಟ್ಟರು.

ಮೊದಲ ಎರಡು ಸೆಷನ್ ಬರೀ ಕೇಳುವುದು ಮತ್ತು ವಿವರಿಸುವುದು. ನನ್ನನ್ನೂ ಅರ್ಧ ಗಂಟೆ ಒಳಗೆ ಕೂರಿಸಿಕೊಂಡರು. ಪಿಟಿಎಸ್‌ಡಿ, ಅಂದರೆ ಭಯಂಕರ ಘಟನೆ ಎದುರಿಸಿದ ಮೇಲೆ ಮನಸ್ಸನ್ನು ಬಿಡದೆ ಕಾಡುವ ಕಾಯಿಲೆ, ಅನ್ನುವ ಪದ ನಾನು ಮೊದಲು ಕೇಳಿದ್ದು ಅಲ್ಲೇ. ನಾಲ್ಕು ಥರದ ಗುರುತು ಹೇಳಿದರು: ನಡೆದದ್ದು ಕನಸಾಗಿ, ವಾಸನೆಯಾಗಿ, ಚಿತ್ರವಾಗಿ ಮತ್ತೆ ಮತ್ತೆ ನುಗ್ಗುವುದು, ಅದನ್ನು ನೆನಪಿಸುವ ಜಾಗ, ವಸ್ತು ತಪ್ಪಿಸುವುದು, ತನ್ನ ಮೇಲೆ ಲೋಕದ ಮೇಲೆ ನಂಬಿಕೆ ಹೋಗಿ ಮನಸ್ಸು ಮರಗಟ್ಟುವುದು, ಮೈ ಯಾವಾಗಲೂ ಎಚ್ಚರದಲ್ಲಿ ಇರುವುದು. ಒಂದು ತಿಂಗಳು ದಾಟಿಯೂ ಇವು ಬಿಡದೆ ಇದ್ದು, ಕೆಲಸಕ್ಕೆ ಮನೆಗೆ ತೊಂದರೆ ಕೊಟ್ಟರೆ ಆಗ ಕಾಯಿಲೆ ಅನ್ನುತ್ತಾರೆ. ಕೇಳುತ್ತ ಕೇಳುತ್ತ ನಮ್ಮ ಮನೆಯ ಏಳು ತಿಂಗಳು ಒಂದೊಂದಾಗಿ ಸಾಲಲ್ಲಿ ನಿಂತ ಹಾಗೆ ಆಯಿತು. ಮಂಡಕ್ಕಿಯೂ ಅದರಲ್ಲಿ ಒಂದು.

ಇವರಿಗೆ ಒಂದು ಅನುಮಾನ ಇತ್ತು. "ನನಗೇನೂ ಪೆಟ್ಟಾಗಿಲ್ಲ ಮೇಡಂ, ಸತ್ತವರು ನಮ್ಮೋರೂ ಅಲ್ಲ, ನನಗ್ಯಾಕೆ ಇದು?" ಅಂತ ಕೇಳಿದರು. ಅದಕ್ಕೆ ಮೇಡಂ ಕೊಟ್ಟ ಉತ್ತರ ಇವರ ಮುಖವನ್ನೇ ಬದಲಾಯಿಸಿತು. ಯುದ್ಧದಿಂದ ಬಂದ ಸೈನಿಕರನ್ನು ನೋಡಿ ನೋಡಿ ಡಾಕ್ಟರುಗಳು ಈ ಕಾಯಿಲೆಗೆ 1980ರಲ್ಲಿ ಹೆಸರು ಕೊಟ್ಟರು. ಮಾನಸಿಕ ಕಾಯಿಲೆಗಳನ್ನು ಗುರುತಿಸೋಕೆ ಡಾಕ್ಟರುಗಳು ನೋಡುವ ಅಮೆರಿಕದ ಕೈಪಿಡಿಯನ್ನು 2013ರಲ್ಲಿ ತಿದ್ದಿದಾಗ, ಕೆಲಸದ ಭಾಗವಾಗಿ ಮತ್ತೆ ಮತ್ತೆ ಇಂಥದ್ದನ್ನು ಎದುರಿಸುವವರನ್ನೂ ಸ್ಪಷ್ಟವಾಗಿ ಸೇರಿಸಿದರು. ಅಲ್ಲಿ ಕೊಟ್ಟಿರುವ ಉದಾಹರಣೆಗಳೇ ಇವು: ಛಿದ್ರವಾದ ದೇಹಗಳನ್ನು ಆಯುವವರು, ಮಕ್ಕಳ ಮೇಲಿನ ದೌರ್ಜನ್ಯದ ವಿವರ ಪದೇ ಪದೇ ಕೇಳಬೇಕಾದ ಪೊಲೀಸರು. ಪುಸ್ತಕದಲ್ಲೇ 'ಪೊಲೀಸ್' ಅಂತ ಬರೆದಿದೆ ಅಂದಾಗ ಇವರು ಎರಡು ಸಲ "ಹೌದಾ?" ಅಂದರು. ಇದು ಹೆದರಿಕೆಯಲ್ಲ, ಡ್ಯೂಟಿಯಿಂದ ಬಂದ ಗಾಯ. ಲಾಠಿ ಏಟು ಬಿದ್ದರೆ ಬೆನ್ನು ಊದಿಕೊಳ್ಳುವುದಿಲ್ವಾ, ಹಾಗೆ.

ಗಟ್ಟಿ ಮನಸ್ಸಿನ ಬಗ್ಗೆಯೂ ಅವರು ಹೇಳಿದ್ದು ನನಗೆ ಹೊಸದು. ಇಂಥ ಘಟನೆ ನೋಡಿದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಸರಿಹೋಗುತ್ತಾರೆ, ಎಲ್ಲರಿಗೂ ಚಿಕಿತ್ಸೆ ಬೇಡ. ಸರಿಹೋಗುವವರಿಗೆ ಹೆಚ್ಚಾಗಿ ಇರುವುದೇನು ಅಂದರೆ ಸುತ್ತ ಜನ, ನಿದ್ದೆ, ವಿಶ್ರಾಂತಿ, ನಾನು ಮಾಡಿದ್ದಕ್ಕೆ ಅರ್ಥ ಇತ್ತು ಅನ್ನುವ ಭಾವನೆ. ನಮ್ಮ ಪೊಲೀಸರಿಗೆ ಇದರಲ್ಲಿ ಎಷ್ಟು ಸಿಗುತ್ತದೆ? ಕಾಮನ್ ಕಾಸ್ ಮತ್ತು ಲೋಕನೀತಿ ಅನ್ನುವ ಸಂಸ್ಥೆಗಳವರು 2019ರಲ್ಲಿ ತಂದ ದೇಶದ ಪೊಲೀಸ್ ಸ್ಥಿತಿಗತಿ ವರದಿಯಲ್ಲಿ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ಕೆಲಸ ಮಾಡುತ್ತಾರೆ ಅಂತ ಇದೆ. ಇವರಂತೂ ಆ ಅಪಘಾತದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮೆರವಣಿಗೆ ಬಂದೋಬಸ್ತಿಗೆ ನಿಂತಿದ್ದರು. ಮಲಗಿದ್ದು ಮೂವತ್ತು ಗಂಟೆ ಆದ ಮೇಲೆ. ಮನಸ್ಸು ಗಟ್ಟಿ ಮಾಡಿಕೊ ಅಂದವರು ಒಂದು ದಿನ ರಜೆ ಕೊಟ್ಟಿದ್ದರೆ ಸಾಕಿತ್ತು ಅಂತ ನನಗೆ ಈಗಲೂ ಸಿಟ್ಟು ಬರುತ್ತದೆ.

ಮೂರನೇ ಸೆಷನ್‌ನಿಂದ ನಿಜವಾದ ಕೆಲಸ. ಕಣ್ಣು ಮುಚ್ಚಿ ಆ ರಾತ್ರಿಯನ್ನು ಮೊದಲಿಂದ ಕೊನೆವರೆಗೆ, ಈಗ ನಡೆಯುತ್ತಿದೆ ಅನ್ನುವ ಹಾಗೆ ಹೇಳಬೇಕು. "ಗಾಡಿ ನಿಲ್ಲಿಸುತ್ತೇನೆ, ಇಳಿಯುತ್ತೇನೆ, ಕಾಲ ಕೆಳಗೆ ಮಂಡಕ್ಕಿ ಚರಚರ ಅನ್ನುತ್ತಿದೆ" ಹೀಗೆ. ಮುಗಿದರೆ ಮತ್ತೆ ಮೊದಲಿಂದ. ಮೇಡಂ ನಡುನಡುವೆ ಕೇಳುವುದು ಒಂದೇ, "ಈಗ ನೂರಕ್ಕೆ ಎಷ್ಟು?" ಸಂಕಟಕ್ಕೆ ಮಾರ್ಕ್ಸ್. ಅದನ್ನು ಇವರ ಮೊಬೈಲಿನಲ್ಲೇ ರೆಕಾರ್ಡ್ ಮಾಡಿಸಿ, ಮನೆಯಲ್ಲಿ ದಿನಾ ಒಂದು ಸಲ ಕೇಳಬೇಕು ಅಂದರು. ಮರೆಯೋಕೆ ಕುಡಿಯುತ್ತಿದ್ದವರಿಗೆ ದಿನಾ ಕೇಳಿಸಿಕೊ ಅಂದರೆ ಹೇಗೆ ಅಂತ ನನಗೆ ಮೇಡಂ ಮೇಲೆ ಕೋಪ ಬಂದಿದ್ದೂ ಉಂಟು. ಮೊದಲ ಎರಡು ವಾರ ಇವರ ಕನಸು ಜಾಸ್ತಿಯೇ ಆಯಿತು. ಹಾಗಾಗಬಹುದು ಅಂತ ಅವರು ಮುಂಚೆಯೇ ಹೇಳಿದ್ದರು, ಆದರೂ ಆ ಹದಿನಾಲ್ಕು ದಿನ ಕಷ್ಟ ಇತ್ತು. ಹೋಗುವವರು ಇದನ್ನು ತಿಳಿದುಕೊಂಡೇ ಹೋಗಿ, ಎರಡನೇ ವಾರ ಬಿಟ್ಟು ಬರಬೇಡಿ.

ಐದನೇ ಸೆಷನ್ ಆದ ದಿನ ರಾತ್ರಿ ನಾನು ಪಾತ್ರೆ ತೊಳೆಯುತ್ತಿದ್ದೆ. ಇವರು ಅಡುಗೆ ಮನೆಗೆ ಬಂದು ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ ಇಟ್ಟರು. ನಿಂತುಕೊಂಡೇ ಇಬ್ಬರೂ ಕೇಳಿದೆವು.

ಆ ಗಾಡಿಯಲ್ಲಿ ಏಳೆಂಟು ವರ್ಷದ ಒಬ್ಬ ಹುಡುಗ ಇದ್ದ. ಸ್ವಲ್ಪ ಹೊತ್ತು ಜೀವ ಇತ್ತು. ಬೆಳಿಗ್ಗೆ ಶವಾಗಾರದ ಹತ್ತಿರ ಅವನ ಅಜ್ಜಿ ಇವರ ಕೈ ಹಿಡಿದು ಕೇಳಿದ್ದಾಳೆ, "ಸಾರ್, ನನ್ನ ಮೊಮ್ಮಗಾ ನರಳಿದ್ನಾ?" ಇವರು ಹೇಳಿದ್ದಾರೆ, "ಇಲ್ಲಜ್ಜಿ, ಅವನಿಗೆ ಗೊತ್ತೇ ಆಗ್ಲಿಲ್ಲ." ಅದು ಸುಳ್ಳು. ಏಳು ತಿಂಗಳು ಇವರನ್ನು ತಿಂದಿದ್ದು ರಕ್ತ ಅಲ್ಲ, ಲಾರಿ ಅಲ್ಲ, ಈ ಸುಳ್ಳು. ಇಪ್ಪತ್ತು ವರ್ಷ ಸರ್ವಿಸಿನಲ್ಲಿ ಬೇರೆಯವರಿಂದ ನಿಜ ಹೇಳಿಸುವ ಕೆಲಸ ಮಾಡಿದವರು.

ಮೇಡಂ ಅದನ್ನು ತಪ್ಪು ಅನ್ನಲಿಲ್ಲ, ನೀವು ಮಾಡಿದ್ದು ಸರಿ ಅಂತ ಬೆನ್ನೂ ತಟ್ಟಲಿಲ್ಲ. ರೆಕಾರ್ಡಿಂಗಿನಲ್ಲಿ ಅವರ ದನಿ ಕೇಳುತ್ತದೆ: "ಆ ಹುಡುಗನ ಹತ್ತಿರ ಹೋದ್ರಿ. ನಿಧಾನ ಹೇಳಿ ಸರ್. ನಿಮ್ಮ ಕೈ ಎಲ್ಲಿದೆ?" ಇವರು ತುಂಬ ಹೊತ್ತು ಸುಮ್ಮನಿದ್ದಾರೆ. ಆಮೇಲೆ, "ಅವನ ಕೈಯಾಗೆ." ಎಷ್ಟು ಹೊತ್ತು ಅಂದರೆ, "108 ಬರೋ ತನಕ." ರಸ್ತೆ ಮೇಲೆ, ಆ ಮಂಡಕ್ಕಿಯ ನಡುವೆ ಕೂತು, ಅವನು ನೀರು ಕೇಳಿದಾಗ ಬಾಟಲಿ ಮುಚ್ಚಳದಲ್ಲಿ ತುಟಿ ಒದ್ದೆ ಮಾಡಿ, ಅವನ ಊರಿನ ಹೆಸರು ಕೇಳಿ, ಶಾಲೆ ಕೇಳಿ, ಮಾತಾಡಿಸುತ್ತ ಇದ್ದರು. ಇದೆಲ್ಲ ಇವರಿಗೆ ಮರೆತೇ ಹೋಗಿತ್ತು. ಅಜ್ಜಿಗೆ ಹೇಳಿದ ಒಂದು ಮಾತು ಮಾತ್ರ ಉಳಿದಿತ್ತು. ಮೊದಲ ನಾಲ್ಕು ಸಲ ಹೇಳಿದಾಗಲೂ ಈ ಭಾಗ ಬಂದಿರಲಿಲ್ಲ, ಐದನೇ ಸಲಕ್ಕೆ ಬಂತು. ನಾನು ನಲ್ಲಿ ನಿಲ್ಲಿಸುವುದನ್ನೂ ಮರೆತಿದ್ದೆ.

ಇದಾದ ಮೇಲೆ ಏರಿಕೆಯ ಪಟ್ಟಿ. ತಪ್ಪಿಸುತ್ತಿದ್ದ ಜಾಗಗಳಿಗೆ ಮಾರ್ಕ್ಸ್ ಕೊಟ್ಟು ಕಡಿಮೆಯಿಂದ ಶುರು ಮಾಡುವುದು. ಮನೆಯಲ್ಲಿ ಮಂಡಕ್ಕಿ ಡಬ್ಬಿ ಇಡುವುದು 40. ಹಳೇ ಊರಿನ ಮಂಡಕ್ಕಿ ಭಟ್ಟಿ ಕಡೆ ನಡೆದು ಹೋಗುವುದು 60. ಹಗಲಲ್ಲಿ ಹೈವೇಯ ಆ ಜಾಗ 75, ರಾತ್ರಿ 90. ಶವಾಗಾರದ ಬಾಗಿಲು 100. ಪ್ರತಿ ಕಡೆ ಸಂಕಟ ಇಳಿಯುವ ತನಕ ನಿಲ್ಲಬೇಕು, ಓಡಿ ಬರಬಾರದು. ಭಟ್ಟಿ ಕಡೆ ನಾನೂ ಹೋಗಿದ್ದೆ. ಹುರಿಯುವ ವಾಸನೆ, ಬಿಸಿ ಮರಳು, ಹೊಗೆ. ಇವರ ಅಂಗಿ ಬೆನ್ನ ಮೇಲೆ ಪೂರ್ತಿ ಒದ್ದೆ. ನಲವತ್ತು ನಿಮಿಷ ನಿಂತೆವು. ಕೊನೆಗೆ "ಮೂವತ್ತು" ಅಂದರು, ವಾಪಸ್ ಬಂದೆವು.

ತೊಂದರೆಗಳನ್ನೂ ಬರೆಯಬೇಕು. ರಿಸೆಪ್ಷನ್‌ನಲ್ಲಿ ಮೊದಲ ದಿನ "ಪೊಲೀಸಾ ಸರ್? ಯಾವ ಸ್ಟೇಷನ್?" ಅಂತ ಎಲ್ಲರ ಮುಂದೆ ಜೋರಾಗಿ ಕೇಳಿದರು. ಇವರು ಅಲ್ಲಿಂದಲೇ ತಿರುಗಿ ಮೆಟ್ಟಿಲು ಇಳಿದರು, ನಾನು ಓಡಿ ಹೋಗಿ ಕರೆದುಕೊಂಡು ಬಂದೆ. ಮೇಡಂಗೆ ಹೇಳಿದ ಮೇಲೆ ಬರೀ ಟೋಕನ್ ನಂಬರ್ ಕರೆಯುತ್ತಾರೆ. ಮಾನಸಿಕ ಆರೋಗ್ಯ ಆರೈಕೆಯ 2017ರ ಕಾಯ್ದೆಯಲ್ಲಿ ಚಿಕಿತ್ಸೆಯ ವಿಷಯ ಗುಟ್ಟಾಗಿ ಇರುವುದು ರೋಗಿಯ ಹಕ್ಕು ಅಂತ ಇದೆ, ರಿಸೆಪ್ಷನ್ ಹುಡುಗರಿಗೂ ಅದನ್ನು ಹೇಳಿಕೊಡಬೇಕಲ್ವಾ. ಪೊಲೀಸರಿಗೆ ಇದು ಎಲ್ಲಕ್ಕಿಂತ ದೊಡ್ಡ ಭಯ. ಪ್ರಮೋಷನ್ ಹೋಗುತ್ತದೆ, 'ಅವನಿಗೆ ತಲೆ ಸರಿ ಇಲ್ಲ' ಅಂತ ಹೆಸರು ಬೀಳುತ್ತದೆ ಅನ್ನುವ ಭಯಕ್ಕೇ ಎಷ್ಟೋ ಜನ ಬಾಯಿ ಬಿಡುವುದಿಲ್ಲ.

ಇನ್ನೊಂದು, ಸಮಯ. ಭಾನುವಾರ ಬಾಗಿಲು ಹಾಕಿರುತ್ತದೆ, ಸಂಜೆ ಏಳೂವರೆಗೆ ಮುಗಿಯುತ್ತದೆ. 24 ಗಂಟೆ ಮುಂಚೆ ಹೇಳದೆ ತಪ್ಪಿಸಿದರೆ ಅರ್ಧ ಫೀಸು ಕಟ್ಟಬೇಕು. ಬಂದೋಬಸ್ತ್ ಒಂದು ಗಂಟೆ ಮುಂಚೆ ಬೀಳುತ್ತದೆ, ಇದು ಪೊಲೀಸರ ಕೈಯಲ್ಲಿ ಇಲ್ಲ. ಎರಡು ಸಲ 450 ಹೋಯಿತು. ಈ ನಿಯಮ ಅವರು ಬದಲಾಯಿಸಬೇಕು, ಹೇಳಿದ್ದೇನೆ, ಇನ್ನೂ ಬದಲಾಗಿಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿರುವುದು ಅದಕ್ಕೇ.

ಫೀಸು ಆಗುವುದಿಲ್ಲ ಅನ್ನುವವರು ಸುಮ್ಮನಿರಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಇದೆ, ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಇರುತ್ತದೆ, ಹೋಗುವ ಮುಂಚೆ ಆಸ್ಪತ್ರೆಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಎಲ್ಲಿಗೇ ಹೋದರೂ ಮೊದಲೇ ಕೇಳಬೇಕಾದ್ದು ಇಷ್ಟು: ಪಿಟಿಎಸ್‌ಡಿಗೆ ಅಂತಲೇ ಇರುವ ಥೆರಪಿ ಮಾಡುತ್ತೀರಾ, ಎಷ್ಟು ಸೆಷನ್, ಮನೆಯವರನ್ನು ಒಂದು ಸಲ ಒಳಗೆ ಕರೆಯುತ್ತೀರಾ. ಈ ಕೊನೆಯದು ನನಗೆ ತುಂಬ ಮುಖ್ಯ ಅನಿಸಿತು. ಆ ಅರ್ಧ ಗಂಟೆ ಇಲ್ಲದಿದ್ದರೆ ನಾನು ಇನ್ನೂ "ಯಾಕ್ರೀ ಹಿಂಗಾಡ್ತೀರಿ" ಅಂತ ಜಗಳ ಆಡುತ್ತಲೇ ಇರುತ್ತಿದ್ದೆ.

ಈಗ ಹೇಗಿದ್ದಾರೆ ಅಂದರೆ, ನಿದ್ದೆ ಐದಾರು ಗಂಟೆ ಬರುತ್ತದೆ. ಕುಡಿಯುವುದು ನಿಂತಿದೆ. ಹೈವೇ ಡ್ಯೂಟಿ ಮಾಡುತ್ತಾರೆ, ಹೋದ ತಿಂಗಳು ಇನ್ನೊಂದು ಅಪಘಾತಕ್ಕೆ ಹೋಗಿ ಬಂದರು. ಬಂದ ರಾತ್ರಿಯೇ ಕೂತು ನನಗೆ ಎಲ್ಲ ಹೇಳಿದರು, ಅತ್ತರು, ಮಲಗಿದರು. ಜೊತೆಗಿದ್ದ ಹೊಸ ಕಾನ್‌ಸ್ಟೇಬಲ್ ಹುಡುಗನನ್ನು ಮರುದಿನ ಟೀ ಕುಡಿಯಲು ಕರೆದುಕೊಂಡು ಹೋಗಿ, "ರಾತ್ರಿ ನಿದ್ದೆ ಬಂತೇನೋ ತಮ್ಮಾ?" ಅಂತ ಕೇಳಿದರಂತೆ. ಮಕ್ಕಳಿಗೆ ಮಂಡಕ್ಕಿ ಮಿರ್ಚಿ ತರುತ್ತಾರೆ. ಮಿರ್ಚಿ ತಿನ್ನುತ್ತಾರೆ, ಮಂಡಕ್ಕಿ ಇನ್ನೂ ಮುಟ್ಟಿಲ್ಲ. ಪಕ್ಕದಲ್ಲೇ ಕೂತಿರುತ್ತಾರೆ.

ಬರುವ ಗುರುವಾರ ಮೂರು ತಿಂಗಳ ನಂತರದ ಭೇಟಿ ಇದೆ. ಬಂದೋಬಸ್ತ್ ಬೀಳದಿದ್ದರೆ ಇಬ್ಬರೂ ಹೋಗುತ್ತೇವೆ. ಬಿದ್ದರೆ ನಾನೊಬ್ಬಳೇ ಹೋಗಿ ಬರುತ್ತೇನೆ, ಹಾಗೂ ಆಗುತ್ತದೆ ಅಂದಿದ್ದಾರೆ ಮೇಡಂ.